ಬರೆಯದೆ ಓದುವ ಬಗೆ: ಈಥೀರಿಯಮ್ ಕರಾರುಗಳ ಖಾತೆ

ವರ್ತಕರ ಲೆಕ್ಕದಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ಕೊಡುಕೊಳೆಗಳು ನಡೆದ ಅನುಕ್ರಮದಲ್ಲಿಯೇ ದಾಖಲಾಗುವುದು ಕಿರ್ದಿಯಲ್ಲಿ. ಅವುಗಳ ಫಲವಾಗಿ ಯಾರ ಹೆಸರಿನಲ್ಲಿ ಎಷ್ಟು ಶಿಲ್ಕು ನಿಂತಿದೆಯೆಂಬುದು ತಿಳಿಯುವುದು ಖಾತೆಯಲ್ಲಿ. ೨೦೧೫ನೆಯ ಜುಲೈ ೩೦ರಂದು ಕಾರ್ಯಾರಂಭ ಮಾಡಿದ ಈಥೀರಿಯಮ್ ಎಂಬ ಬ್ಲಾಕ್‌ಚೈನಿನಲ್ಲಿಯೂ ಈ ಎರಡು ಅಂಗಗಳುಂಟು. ಲೋಕದ ನಾನಾ ಕಡೆಗಳಲ್ಲಿರುವ ಸಾವಿರಾರು ಗಣಕಯಂತ್ರಗಳು ಒಂದೇ ಕಿರ್ದಿಯನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು, ಅದರಿಂದ ಒಂದೇ ಖಾತೆಯನ್ನು ತಾವು ತಾವೇ ಲೆಕ್ಕಹಾಕಿ ಪಡೆಯುತ್ತವೆ. ಇಂತಹ ಒಂದೊಂದು ಯಂತ್ರಕ್ಕೆ ನೋಡ್ ಎಂದು ಹೆಸರು. ಹಣದ ಏರಿಳಿತ, ರವಾನೆ, ಕಳವು ಎಂದು ಬಹುಮಂದಿ ಚರ್ಚಿಸುವುದು ಕಿರ್ದಿಯ ವಿಚಾರವನ್ನೇ. ಖಾತೆಯನ್ನು ಓದುವ ಬಗೆಯ ಕಡೆಗೆ ಗಮನ ಹರಿದುದು ಕಡಮೆ.

ಈ ಖಾತೆಯಲ್ಲಿ ವ್ಯಕ್ತಿಗಳ ಶಿಲ್ಕಿನೊಡನೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಕರಾರುಗಳೂ ನೆಲೆಸಿವೆ. ಆ ಹೆಸರನ್ನು ನಿಕ್ ಸಾಬೊ ಎಂಬವರು ಕಳೆದ ಶತಮಾನದ ತೊಂಬತ್ತರ ದಶಕದಲ್ಲಿಯೇ ಟಂಕಿಸಿದ್ದರು. ಹೆಸರಿನಲ್ಲಿ ಕರಾರೆಂದಿದ್ದರೂ ಇದು ವಕೀಲರು ಬರೆಯುವ ಕರಾರಲ್ಲ. ತನ್ನ ವಶಕ್ಕೆ ಬಂದ ಹಣವನ್ನು ಮೊದಲೇ ಗೊತ್ತುಮಾಡಿದ ನಿಯಮದಂತೆ ತಾನಾಗಿಯೇ ವಿನಿಯೋಗಿಸುವ ಪ್ರೋಗ್ರಾಮು. ಪ್ರತಿಯೊಂದು ಕರಾರಿಗೂ ತನ್ನದೇ ಆದ ನೆನಪಿನ ಮನೆಗಳುಂಟು. ಒಂದೊಂದು ಮನೆಯ ಅಳತೆ ೩೨ ಬೈಟು. ಒಡೆಯನಾರು, ಯಾರ ಪಾಲೆಷ್ಟು ಎಂಬುದೆಲ್ಲ ಈ ಮನೆಗಳಲ್ಲಿ ಅಂಕರೂಪದಲ್ಲಿರುತ್ತದೆ. ಅದರಲ್ಲಿ ಒಂದಂಕೆಯನ್ನು ಬದಲಿಸಬೇಕಾದರೂ ಸಹಿ ಮಾಡಿದ ವ್ಯವಹಾರವೊಂದನ್ನು ಕಿರ್ದಿಗೆ ಸೇರಿಸಬೇಕು, ಗ್ಯಾಸ್ ಎಂಬ ಶುಲ್ಕವನ್ನು ತೆರಬೇಕು. ಓದುವುದಕ್ಕೆ ಇವೊಂದೂ ಬೇಡ.

ಹೀಗೆ ಓದುವ ಮುಖ್ಯ ಸಾಧನಕ್ಕೆ ಈಥ್-ಕಾಲ್ ಎಂದು ಹೆಸರು. ಓದಬಯಸುವವನು ಯಾವುದಾದರೂ ಒಂದು ನೋಡ್‌ಗೆ ಪ್ರಶ್ನೆಯನ್ನು ಕಳುಹಿಸುತ್ತಾನೆ. ಆ ನೋಡ್ ತನ್ನಲ್ಲಿರುವ ಖಾತೆಯ ಪ್ರತಿಯ ಮೇಲೆ ಕರಾರನ್ನು ನಡೆಯಿಸಿ, ದೊರೆತ ಉತ್ತರವನ್ನು ಹೇಳಿ, ನಡುವೆ ಉಂಟಾದ ಮಾರ್ಪಾಡುಗಳನ್ನೆಲ್ಲ ಅಳಿಸಿಬಿಡುತ್ತದೆ. ಕಿರ್ದಿಯಲ್ಲಿ ಇದರ ಗುರುತು ಕೂಡ ಉಳಿಯದು. ಹಣ ಸಾಗಿಸುವ ಆಜ್ಞೆಯನ್ನು ಸಹ ಹೀಗೆ ನಡೆಯಿಸಿ ನೋಡಬಹುದು. ಆಗ ಅದು ಕೇವಲ ತಾಲೀಮು. ಪ್ರಶ್ನೆಯನ್ನು ಒಡ್ಡುವ ರೀತಿಯೂ ನಿಯತವಾಗಿದೆ. ಪ್ರಶ್ನೆಯ ಹೆಸರನ್ನು ಕೆಚಾಕ್-೨೫೬ ಎಂಬ ಗಣಿತಕ್ರಿಯೆಗೆ ಒಳಪಡಿಸಿ ಬಂದ ಫಲದ ಮೊದಲ ೪ ಬೈಟುಗಳೇ ಅದರ ಸಂಕೇತ. ಅದರ ಹಿಂದೆ ಕೇಳಬೇಕಾದ ವಿಳಾಸ. ಉತ್ತರವಾಗಿ ಬರುವುದು ಬರಿಯ ಒಂದು ಪೂರ್ಣಾಂಕ. ಇಲ್ಲಿ ಹೊಸಬರು ಎಡವುವುದುಂಟು. ಯುಎಸ್‌ಡಿಸಿ ಎಂಬ ನಾಣ್ಯದ ಲೆಕ್ಕದಲ್ಲಿ ೬ ದಶಮಾಂಶ ಸ್ಥಾನಗಳಿರುವುದರಿಂದ, ೨೫,೦೦,೦೦೦ ಎಂಬ ಉತ್ತರಕ್ಕೆ ಎರಡೂವರೆ ನಾಣ್ಯವೆಂದೇ ಅರ್ಥ. ಡೈ ಎಂಬ ನಾಣ್ಯದಲ್ಲಿ ಆ ಸ್ಥಾನಗಳು ೧೮. ಈ ಸ್ಥಾನಸಂಖ್ಯೆಯನ್ನೂ ಕರಾರನ್ನೇ ಕೇಳಿ ತಿಳಿಯಬಹುದು.

ಇಷ್ಟನ್ನೆಲ್ಲ ಕೈಯಾರೆ ಮಾಡಬೇಕಾಗಿಲ್ಲವೆನ್ನಿ. ಈಥರ್‌ಸ್ಕ್ಯಾನ್ ಎಂಬ ತಾಣವು ಮೂಲಪಾಠ ಪರಿಶೀಲಿತವಾದ ಕರಾರುಗಳಿಗೆ 'ರೀಡ್ ಕಾಂಟ್ರ್ಯಾಕ್ಟ್' ಎಂಬ ಪುಟವನ್ನು ಒದಗಿಸಿದೆ. ಪ್ರಶ್ನೆಗಳ ಪಟ್ಟಿ ಅಲ್ಲಿ ಸಿದ್ಧವಾಗಿರುತ್ತದೆ. ವಿಳಾಸವನ್ನು ತುಂಬಿ ಗುಂಡಿ ಒತ್ತಿದರಾಯಿತು. ಕೇವಲ ಓದುವುದಕ್ಕೆಂದು ಸಹಿ ಬೇಡುವ ತಾಣವೇನಾದರೂ ಎದುರಾದರೆ ಅದನ್ನು ಶಂಕಿಸುವುದೇ ಲೇಸು.

ಓದುವುದರ ಬೆಲೆ ಎಷ್ಟೆಂಬುದಕ್ಕೆ ಪ್ಯಾರಿಟಿ ಎಂಬ ಕೈಚೀಲದ ಪ್ರಕರಣವನ್ನು ನೋಡಬಹುದು. ಅನೇಕರ ಸಹಿಯಿಂದ ನಡೆಯುವ ನೂರಾರು ಕೈಚೀಲಗಳು ೨೦೧೭ರ ಜುಲೈ ಬಳಿಕ ಒಂದೇ ಮೂಲ ಕರಾರನ್ನು ಆಶ್ರಯಿಸಿದ್ದವು. ಆ ಮೂಲ ಕರಾರಿಗೇ ಒಡೆಯರನ್ನು ನೇಮಿಸುವ ಕ್ರಿಯೆ ಮಾತ್ರ ನಡೆದಿರಲಿಲ್ಲ. ಒಡೆಯರ ಸಂಖ್ಯೆಯ ಮನೆಯಲ್ಲಿ ಸೊನ್ನೆಯಿತ್ತು. ನವೆಂಬರ್ ೬ರಂದು ಹೊರಗಿನವರೊಬ್ಬರು ತಮ್ಮನ್ನೇ ಒಡೆಯರೆಂದು ನಮೂದಿಸಿಕೊಂಡು, ಆ ಕರಾರನ್ನು ನಾಶಗೊಳಿಸುವ ಆಜ್ಞೆಯನ್ನು ಕಳುಹಿಸಿದರು. ೫ ಲಕ್ಷಕ್ಕೂ ಮಿಕ್ಕ ಈಥರ್ ಹಣ ತೆಗೆಯಲು ಬಾರದಂತೆ ಸಿಕ್ಕಿಬಿದ್ದಿತು. ಅದು ಇಂದಿಗೂ ಬಿಡುಗಡೆಯಾಗಿಲ್ಲ. ಆ ಸೊನ್ನೆಯನ್ನು ಓದಲು ಮೂರು ತಿಂಗಳಿಗೂ ಹೆಚ್ಚು ಕಾಲ ಯಾರಿಗೂ ಅಡ್ಡಿಯಿರಲಿಲ್ಲ, ಕಾಸಿನ ಖರ್ಚೂ ಇರಲಿಲ್ಲ. ಅದರ ಅರ್ಥವನ್ನು ಹಿಡಿದು ಸಕಾಲದಲ್ಲಿ ದೋಷವನ್ನು ಮುಚ್ಚಿದವರು ಮಾತ್ರ ಇಲ್ಲವಾದರು.

ಓದುವ ಈ ಸ್ವಾತಂತ್ರ್ಯಕ್ಕೆ ಗುಟ್ಟೆಂಬುದೂ ಇಲ್ಲ. ಕರಾರುಗಳನ್ನು ಬರೆಯುವ ಸಾಲಿಡಿಟಿ ಭಾಷೆಯಲ್ಲಿ 'ಪ್ರೈವೇಟ್' ಎಂಬ ಪದವುಂಟಾದರೂ, ಅದು ತಡೆಯುವುದು ಇತರ ಕರಾರುಗಳನ್ನು ಮಾತ್ರ. ಮನೆಯ ಸಂಖ್ಯೆ ಗೊತ್ತಿದ್ದವನು ಒಳಗಿನ ಅಂಕೆಯನ್ನು ನೇರವಾಗಿ ತರಿಸಿಕೊಳ್ಳಬಲ್ಲನು. ಗುಪ್ತಪದವನ್ನು ಕರಾರಿನಲ್ಲಿಡುವುದು ಬೀದಿಯ ಗೋಡೆಯ ಮೇಲೆ ಬರೆದಂತೆಯೇ.

ಇನ್ನು ಸಾಧನದ ದೌರ್ಬಲ್ಯ. ವ್ಯವಹಾರವನ್ನು ಇಡೀ ಜಾಲವೇ ಪರೀಕ್ಷಿಸುತ್ತದೆ. ಓದಿನ ಉತ್ತರವನ್ನು ಹೇಳುವುದು ಒಂದೇ ನೋಡ್. ಶಿಲಾಶಾಸನವನ್ನು ಕಾಣದೆ ಅದರ ಪಡಿಯಚ್ಚನ್ನಷ್ಟೇ ಓದುವ ವಿದ್ವಾಂಸನು ಅಚ್ಚು ತೆಗೆದವನನ್ನು ನಂಬಬೇಕಾಗುವಂತೆ, ಇಲ್ಲಿಯೂ ನಂಬಿಕೆ ಅನಿವಾರ್ಯ. ೨೦೨೦ರ ನವೆಂಬರ್ ೧೧ರಂದು ಇನ್‌ಫ್ಯುರಾ ಸಂಸ್ಥೆಯ ನೋಡ್‌ಗಳು ತಂತ್ರಾಂಶದ ಹಳೆಯ ಆವೃತ್ತಿಯ ದೆಸೆಯಿಂದ ಮುಖ್ಯ ಸರಪಣಿಯನ್ನು ಹಿಂಬಾಲಿಸಲಾರದೆ ಹೋದಾಗ, ಅವನ್ನೇ ನೆಚ್ಚಿದ್ದ ಮೆಟಾಮಾಸ್ಕ್ ಮೊದಲಾದವುಗಳ ಬಳಕೆದಾರರು ತೊಂದರೆಗೊಳಗಾದರು. ಸರಪಣಿ ತನ್ನ ಪಾಡಿಗೆ ಮುಂದುವರಿದಿತ್ತು. ಯಾರ ಹಂಗೂ ಇಲ್ಲದ ಲೆಕ್ಕವೆಂದು ಹೊಗಳಿಸಿಕೊಂಡುದರ ಓದು ಕೆಲವೇ ಕಂಪನಿಗಳ ಬಾಗಿಲಿನಲ್ಲಿ ಸಾಗುತ್ತಿರುವುದು ಸಣ್ಣ ವಿಪರ್ಯಾಸವೇನಲ್ಲ. ಪರಿಹಾರಗಳು ಇಲ್ಲದಿಲ್ಲ. ಒಂದೇ ಪ್ರಶ್ನೆಯನ್ನು ಎರಡು ಕಡೆ ಕೇಳಬಹುದು. ಸ್ವಂತ ನೋಡ್ ಇಟ್ಟುಕೊಳ್ಳಬಹುದು. ಇದಲ್ಲದೆ ಪ್ರತಿಯೊಂದು ಬ್ಲಾಕಿನ ತಲೆಬರಹದಲ್ಲಿ ಇಡೀ ಖಾತೆಯ ಮುದ್ರೆಯಂತಿರುವ ಸಂಖ್ಯೆಯೊಂದಿದೆ. ಈಥ್-ಗೆಟ್‌ಪ್ರೂಫ್ ಎಂಬ ಸಾಧನದಿಂದ ಪಡೆದ ಪುರಾವೆಯನ್ನು ಆ ಮುದ್ರೆಯೊಡನೆ ತಾಳೆ ನೋಡಿದರೆ, ಉತ್ತರ ಹೇಳಿದವನನ್ನು ನಂಬದೆಯೇ ಉತ್ತರವನ್ನು ನಂಬಬಹುದು. ಸಾಮಾನ್ಯ ಬಳಕೆದಾರರು ಈ ಶ್ರಮವನ್ನು ವಹಿಸುವುದು ಅಪರೂಪ.

ಕೊನೆಯದಾಗಿ ಹಳೆಯ ಖಾತೆಯ ವಿಚಾರ. ಇಂಥ ಬ್ಲಾಕಿನ ಹೊತ್ತಿಗೆ ಶಿಲ್ಕು ಎಷ್ಟಿತ್ತೆಂದು ಕೇಳುವುದೂ ಸಾಧ್ಯ. ಆದರೆ ಸಾಧಾರಣ ನೋಡ್‌ಗಳು ಇತ್ತೀಚಿನ ಸ್ಥಿತಿಯನ್ನಷ್ಟೇ ಉಳಿಸಿಕೊಳ್ಳುತ್ತವೆ. ಗೆತ್ ತಂತ್ರಾಂಶದಲ್ಲಿ ವಾಡಿಕೆಯ ಮಿತಿ ೧೨೮ ಬ್ಲಾಕುಗಳು. ಅದಕ್ಕಿಂತ ಹಿಂದಿನದಕ್ಕೆ ಆರ್ಕೈವ್ ನೋಡ್ ಬೇಕು. ಅಂತಹ ನೋಡ್ ಒಂದನ್ನು ೨೦೧೭ರ ನವೆಂಬರ್ ೫ರ ಯಾವುದಾದರೊಂದು ಬ್ಲಾಕನ್ನು ಹೆಸರಿಸಿ ಪ್ರಶ್ನಿಸಿದರೆ, ಪ್ಯಾರಿಟಿಯ ಮೂಲ ಕರಾರಿನ ಒಡೆಯರ ಸಂಖ್ಯೆ ಈಗಲೂ ಸೊನ್ನೆಯೆಂದೇ ಬರುತ್ತದೆ.