ಬಣ್ಣ ಒಣಗಲಿ, ಆಮ್ಯಾಲೆ ತೆಗಿ

ಮೊಹರಂ ಬಂತೆಂದರೆ ಮುದಗಲ್ ಕೋಟೆಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಹುಸೇನಿ ಆಲಂ ದರ್ಗಾಕ್ಕೆ ಹರಕೆ ಹೊತ್ತವರು ಸುತ್ತಲಿನ ಹಳ್ಳಿಗಳಿಂದಷ್ಟೇ ಅಲ್ಲ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ಕೆಂಪು ಲಾಡಿ ಹಾಕಿಕೊಂಡು ಫಕೀರರಾದ ಹಿಂದೂ ಮನೆಗಳ ಮಕ್ಕಳು, ಸಕ್ಕರೆ ಓದಿಸಲು ನಿಂತ ಮುದುಕಿಯರು, ಹಲಗಿ ಬಡಿತಕ್ಕೆ ಹೆಜ್ಜೆ ಹಾಕುವ ಹುಲಿವೇಷ, ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಕನ್ನಡದ ಪದ. ಈ ಜನಸಾಗರದ ಫೋಟೊ ತೆಗೆಯಲು ಒಂದು ಮಾಳಿಗೆ ಹತ್ತಿದರೆ ಸಾಕು. ಅದರೊಳಗಿನ ಒಂದೇ ಒಂದು ಮುಖದ ಫೋಟೊ ತೆಗೆಯುವುದು ಮಾತ್ರ ಬೇರೆಯದೇ ಕಸುಬು.

ಆ ಕಸುಬಿನ ಮೊದಲ ಪಾಠ ಬೆಳಕಿನದು. ಮೊಹರಂ ಚಂದ್ರಮಾನದ ಹಬ್ಬ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ: ಕೊನೆಯ ದಿನ 2024ರಲ್ಲಿ ಜುಲೈ 17ಕ್ಕೆ ಬಂದಿತ್ತು, 2025ರಲ್ಲಿ ಜುಲೈ 6ಕ್ಕೆ. ಸುಮಾರು 33 ವರ್ಷಗಳಲ್ಲಿ ಅದು ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲವನ್ನೂ ಸುತ್ತಿ ಬರುತ್ತದೆ. ಹಾಗಾಗಿ ಅದೇ ಹಬ್ಬ, ಅದೇ ಅಂಗಳವಾದರೂ ಮುಖದ ಮೇಲೆ ಬೀಳುವ ಬೆಳಕು ವರ್ಷ ವರ್ಷಕ್ಕೂ ಬೇರೆ. ಮೋಡ ಕವಿದ ಆಷಾಢದ ಬೆಳಕಿನಲ್ಲಿ ಚರ್ಮದ ಬಣ್ಣ ಮೆತ್ತಗೆ ಕಾಣುತ್ತದೆ. ಬಿಸಿಲಿದ್ದರೆ ಕೋಟೆಯ ಬಾಗಿಲೇ ಗತಿ. ದಪ್ಪ ಗೋಡೆಯ ನೆರಳಿಗೆ ಒಂದೆರಡು ಹೆಜ್ಜೆ ಒಳಗೆ ನಿಲ್ಲಿಸಿ, ಮುಖವನ್ನು ಹೊರಗಿನ ಬಯಲಿನತ್ತ ತಿರುಗಿಸಿದರೆ ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಮೂಡುತ್ತದೆ. ಹಿಂದಿನ ಕತ್ತಲು ಗದ್ದಲವನ್ನೆಲ್ಲ ನುಂಗುತ್ತದೆ. ದುಡ್ಡು ಸುರಿದು ಕಟ್ಟಿದ ಸ್ಟುಡಿಯೊದಲ್ಲೂ ಇಂಥ ಪರದೆ ಸಿಗುವುದು ಕಷ್ಟ.

ಲೆನ್ಸ್ 50 ಅಥವಾ 85 ಮಿಲಿಮೀಟರಿನದಿದ್ದರೆ ಸಾಕು. ದೂರದಿಂದ ಎಳೆದು ತೆಗೆಯುವ ಉದ್ದನೆಯ ಲೆನ್ಸ್ ಈ ಕೆಲಸಕ್ಕೆ ಬೇಡ ಎನ್ನುವವನು ನಾನು; ಅದರಲ್ಲಿ ಮುಖ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಅಲಾಯಿ ಕುಣಿಯ ಹತ್ತಿರ ಫ್ಲಾಶ್ ಹಾಕಲೇಬಾರದು. ಬೆಂಕಿಯ ಬೆಳಕಿಗೇ ಕೆಂಪೇರಿದ ಮುಖವನ್ನು ಅದು ಸುಣ್ಣ ಬಳಿದ ಗೋಡೆಯಂತೆ ಮಾಡಿಬಿಡುತ್ತದೆ.

ಜನಜಂಗುಳಿಯಲ್ಲಿ ಮುಖ ಹಿಡಿಯುವುದು ಹೊಸ ವಿದ್ಯೆಯೇನಲ್ಲ. ಪೇಟೆಯ ರಸ್ತೆ ಬದಿ ಮರದ ಪೆಟ್ಟಿಗೆ ಕ್ಯಾಮೆರಾ ಇಟ್ಟುಕೊಂಡು ನಿಲ್ಲುತ್ತಿದ್ದವರ ಪೆಟ್ಟಿಗೆಯೊಳಗೇ ಕತ್ತಲೆ ಕೋಣೆ ಇರುತ್ತಿತ್ತು. ಕರಿ ಬಟ್ಟೆಯ ತೋಳಿನೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದೆಯೇ ಕಾಗದವನ್ನು ರಾಸಾಯನಿಕದಲ್ಲಿ ಅದ್ದುತ್ತಿದ್ದರು. ಮೊದಲು ಬರುವುದು ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ತಿರುಗಿದ ಚಿತ್ರ. ಅದನ್ನು ಲೆನ್ಸಿನ ಮುಂದಿಟ್ಟು ಮತ್ತೊಮ್ಮೆ ತೆಗೆದಾಗ ಸರಿಯಾದ ಮುಖ. ಜಾತ್ರೆಗಳಲ್ಲಿ ಡೇರೆ ಹಾಕಿ, ತಾಜಮಹಲು, ಹೂದೋಟ ಬರೆದ ಪರದೆಯ ಮುಂದೆ ಹೊಸ ಜೋಡಿಗಳನ್ನು ನಿಲ್ಲಿಸುತ್ತಿದ್ದವರೂ ಈ ವಂಶದವರೇ. ಅವರನ್ನು ನಾನು ದೊಡ್ಡ ಕಲಾವಿದರೆಂದೇ ಎಣಿಸುತ್ತೇನೆ. ಯಾಕೆಂದರೆ ಅವರು ಯಾರ ಮುಖವನ್ನೂ ಕದಿಯಲಿಲ್ಲ. ತೆಗೆಸಿಕೊಂಡವರ ಕೈಗೇ ಚಿತ್ರ ಕೊಟ್ಟು ಕಳಿಸಿದರು.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಬೀದಿ, ಬಯಲಿನ ಸಾಮಾನ್ಯರನ್ನೇ ಜೀವನವಿಡೀ ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನಗನಿಸುವುದು ಒಂದೇ: ಅಲ್ಲಿ ಯಾರೂ ಬೆಚ್ಚಿಬಿದ್ದಿಲ್ಲ.

ನಾನು ಬೆಚ್ಚಿಬೀಳಿಸಿದ್ದೇನೆ. ಮೊದಲ ಸಲ ಮುದಗಲ್‌ಗೆ ಹೋದಾಗ, ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದ ಒಬ್ಬ ತಾಯಿಯ ಫೋಟೊ ಕೇಳದೆ ತೆಗೆದೆ. ಸದ್ದಿಗೆ ಕಣ್ಣು ಬಿಟ್ಟವಳು ಸೆರಗೆಳೆದುಕೊಂಡು ಮುಖ ತಿರುಗಿಸಿದಳು. ಆ ಬೇಡಿಕೆ ಅರ್ಧಕ್ಕೇ ನಿಂತಿತು. ಚಿತ್ರ ಚೆನ್ನಾಗಿಯೇ ಬಂದಿತ್ತು, ಅಳಿಸಿದೆ.

ಈಗ ಕೇಳುತ್ತೇನೆ. ಹೋದ ಸಲ ಗೋಡೆಯ ನೆರಳಲ್ಲಿ ಅಜ್ಜಿಯೊಬ್ಬಳು ಎಂಟೊಂಬತ್ತು ವರ್ಷದ ಮೊಮ್ಮಗನಿಗೆ ಹುಲಿವೇಷ ಹಾಕಿಸಿಕೊಂಡು ಕೂತಿದ್ದಳು. ಹೊಟ್ಟೆಯ ಮೇಲಿನ ಹಳದಿ ಇನ್ನೂ ಹಸಿ. ಹುಡುಗ ಎರಡೂ ಕೈಗಳನ್ನು ಮೈಗೆ ತಾಗದಂತೆ ಅಗಲಿಸಿ ನಿಂತಿದ್ದ, ಹಾರಲು ಹೊರಟ ಹಕ್ಕಿಯ ಹಾಗೆ.

“ಯವ್ವಾ, ಒಂದು ಫೋಟೊ ತಕ್ಕೊಳ್ಳಲಾ?”

“ಬಣ್ಣ ಒಣಗಲಿ ತಡಿಯಪಾ, ಆಮ್ಯಾಲೆ ತೆಗಿ. ಬ್ಯಾನಿ ಬಿದ್ದಾಗ ಹರಕಿ ಹೊತ್ತಿದ್ದೆ. ಛಂದ ಬರಬೇಕು.”

ಕೂತೆ. ಅವಳು ಸೆರಗಿನಿಂದ ಗಾಳಿ ಬೀಸಿದಳು. ಕಪ್ಪು ಪಟ್ಟೆ ಕಿವಿಯ ಹತ್ತಿರ ಚೂರು ಹರಡಿದ್ದನ್ನು ಬೆರಳಿನಿಂದ ತೀಡಿದಳು, ಲಾಡಿ ಸರಿಮಾಡಿದಳು. ಅರ್ಧ ತಾಸು ಆಗಿರಬೇಕು. ಅಷ್ಟರಲ್ಲಿ ಹುಡುಗ ಕ್ಯಾಮೆರಾ ಮುಟ್ಟಿ ನೋಡಿ, ಗಾಜಿನಲ್ಲಿ ತನ್ನ ಮೀಸೆ ಕಂಡು ನಕ್ಕಿದ್ದ. ಎದ್ದು ನಿಂತಾಗ ನಗಲಿಲ್ಲ, ನನ್ನ ಕಡೆ ನೇರವಾಗಿ ನೋಡಿದ. ಮೂರೇ ಫೋಟೊ ತೆಗೆದೆ.

ತೋರಿಸಿದರೆ ಅಜ್ಜಿ ಪರದೆಯ ಮೇಲೆ ಅವನ ಕಿವಿ ಹುಡುಕಿದಳು. ಪಟ್ಟೆ ನೆಟ್ಟಗಿತ್ತು. “ನಮಗೊಂದು ಕಳಸ್ತಿಯಲ್ಲ?” ಅಂದಳು. ಜೇಬಿನಿಂದ ನೋಟ್‌ಬುಕ್ ತೆಗೆದು, ಊರಿನ ಹೆಸರು, ಮನೆಯ ಗುರುತಿಗೆ ಅವಳು ಹೇಳಿದ ಹಿಟ್ಟಿನ ಗಿರಣಿ ಬರೆದುಕೊಂಡೆ.