ಗಂಡಿನ ನರೆಗೆ ಮರ್ಯಾದೆ, ಹೆಣ್ಣಿನ ನರೆಗೆ ಮಾತು

ಮದುವೆ ಹಾಲ್‌ಗೆ ಗಡ್ಡ ಬೆಳ್ಳಗಾದ ಕಾಕ ಒಬ್ಬರು ಬಂದರೆ ಹುಡುಗರು ಎದ್ದು ಸಲಾಂ ಹೇಳಿ ಕುರ್ಚಿ ಬಿಟ್ಟುಕೊಡುತ್ತಾರೆ. ಅದೇ ವಯಸ್ಸಿನ ಅವರ ಹೆಂಡತಿ ಹೆಂಗಸರ ಕಡೆ ಹೋದರೆ, ಶಾಲಿನ ಅಂಚಿನಿಂದ ಇಣುಕಿದ ನಾಲ್ಕು ಬಿಳಿ ಕೂದಲಿನ ಮೇಲೆಯೇ ಎಲ್ಲರ ಕಣ್ಣು. "ಎಂತ ಮಾರಾಯ್ತಿ, ಇಷ್ಟು ಬೇಗ ಮುದುಕಿ ಆಗಿಬಿಟ್ಟೆಯಲ್ಲಾ? ಡೈ ಹಾಕ್ಲಿಕ್ಕಿಲ್ವಾ?" ಕೇಳಿದವರು ನಗುತ್ತಾರೆ. ಕೇಳಿಸಿಕೊಂಡವರೂ ನಗುತ್ತಾರೆ. ಆದರೆ ಮನೆಗೆ ಹೋದ ಮೇಲೆ ಕನ್ನಡಿಯ ಮುಂದೆ ನಿಂತಾಗ ಆ ನಗು ಇರುವುದಿಲ್ಲ.

ಗಂಡನಿಗೆ ಸಿಕ್ಕಿದ್ದು ಮರ್ಯಾದೆ, ಹೆಂಡತಿಗೆ ಸಿಕ್ಕಿದ್ದು ಮಾತು. ಎರಡಕ್ಕೂ ಕಾರಣ ಒಂದೇ ಬಿಳಿ ಕೂದಲು. ಇದು ನಮ್ಮ ಊರಿನ ಹೆಂಗಸರ ಪಂಚಾತಿಕೆ ಮಾತ್ರ ಎಂದುಕೊಳ್ಳಬೇಡಿ. ದೊಡ್ಡ ದೊಡ್ಡ ದೇಶಗಳ ಟಿವಿ ಸ್ಟುಡಿಯೋಗಳಲ್ಲಿಯೂ ಇದೇ ನಡೆದಿದೆ, ಕೋರ್ಟಿನ ತನಕವೂ ಹೋಗಿದೆ.

ಕೆನಡಾದಲ್ಲಿ ಆದದ್ದು

ಕೆನಡಾದ ಸಿಟಿವಿ ಚಾನೆಲ್‌ನಲ್ಲಿ ಲೀಸಾ ಲಫ್ಲಾಮ್ ಎಂಬ ವಾರ್ತಾವಾಚಕಿ ಇದ್ದರು. ಆ ಸಂಸ್ಥೆಯಲ್ಲಿ 35 ವರ್ಷ ದುಡಿದವರು. 2011ರಿಂದ ರಾತ್ರಿಯ ರಾಷ್ಟ್ರೀಯ ವಾರ್ತೆಯ ಮುಖ್ಯ ನಿರೂಪಕಿ. ಕೊರೋನ ಲಾಕ್‌ಡೌನ್‌ನಲ್ಲಿ ಸಲೂನುಗಳು ಮುಚ್ಚಿದಾಗ ಅವರು ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದರು. ಬೆಳ್ಳಿ ಕೂದಲಿನಲ್ಲೇ ಕ್ಯಾಮೆರಾ ಮುಂದೆ ಕುಳಿತು ವಾರ್ತೆ ಓದಿದರು. ಇದರಿಂದ ತನಗೆ ನಿರಾಳವಾಯಿತು, ಮೊದಲೇ ಮಾಡಬಹುದಿತ್ತು ಎಂದೂ ಹೇಳಿಕೊಂಡಿದ್ದರು.

2022ರ ಆಗಸ್ಟ್ 15ರಂದು ಅವರು ಒಂದು ವೀಡಿಯೊ ಹಾಕಿದರು. ತನ್ನ ಒಪ್ಪಂದವನ್ನು ಕಂಪೆನಿ ಕೊನೆಗೊಳಿಸಿದೆ, ಇದು ತನಗೆ ಆಘಾತ ತಂದಿದೆ ಎಂದರು. ಆಗ ಅವರಿಗೆ 58 ವರ್ಷ. ಬಿಳಿ ಕೂದಲಿಗೆ ಒಪ್ಪಿಗೆ ಕೊಟ್ಟವರು ಯಾರು ಎಂದು ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ಕೇಳಿದ್ದರು ಎಂದು ಅಲ್ಲಿನ ಪತ್ರಿಕೆ 'ಗ್ಲೋಬ್ ಆ್ಯಂಡ್ ಮೇಲ್' ವರದಿ ಮಾಡಿತು. ವಯಸ್ಸು, ಹೆಣ್ಣು, ಬಿಳಿ ಕೂದಲು ಯಾವುದೂ ಕಾರಣವಲ್ಲ, ಇದು ವ್ಯವಹಾರದ ತೀರ್ಮಾನ ಎಂದು ಕಂಪೆನಿ ಹೇಳಿತು. ಜನ ನಂಬಲಿಲ್ಲ. ಯಾಕೆಂದರೆ ಅದೇ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕುಳಿತಿದ್ದ ಲಾಯ್ಡ್ ರಾಬರ್ಟ್‌ಸನ್ ನಿವೃತ್ತರಾದದ್ದು 77ನೇ ವಯಸ್ಸಿನಲ್ಲಿ. ಅವರಿಗೆ ಗೌರವದ ಬೀಳ್ಕೊಡುಗೆಯೂ ಸಿಕ್ಕಿತ್ತು. ಲಫ್ಲಾಮ್ ಅವರಿಗೆ ವೀಕ್ಷಕರಿಗೆ ವಾರ್ತೆಯಲ್ಲೇ ವಿದಾಯ ಹೇಳುವ ಅವಕಾಶವೂ ಸಿಗಲಿಲ್ಲ.

ಆಮೇಲೆ ಅಲ್ಲಿ ದೊಡ್ಡ ಚರ್ಚೆ ಆಯಿತು. ಡವ್ ಸೋಪಿನ ಕಂಪೆನಿ ನರೆಯ ಪರವಾಗಿ ಪ್ರಚಾರ ನಡೆಸಿತು. ವೆಂಡೀಸ್ ಎಂಬ ಬರ್ಗರ್ ಕಂಪೆನಿ ತನ್ನ ಗುರುತಿನ ಚಿತ್ರದಲ್ಲಿರುವ ಕೆಂಪು ಕೂದಲಿನ ಹುಡುಗಿಗೆ ಬಿಳಿ ಕೂದಲು ಮಾಡಿ ಹಾಕಿತು.

ಇಂಥ ಕತೆ ಇದೇ ಮೊದಲಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಕ್ರಿಸ್ಟೀನ್ ಕ್ರಾಫ್ಟ್ ಎಂಬವರನ್ನು 1981ರಲ್ಲಿ ನಿರೂಪಣೆಯಿಂದ ಕೆಳಗಿಳಿಸಿದರು. ನಿನಗೆ ವಯಸ್ಸಾಯಿತು, ಅಂದ ಸಾಲದು, ಗಂಡಸರ ಮುಂದೆ ತಗ್ಗುವುದಿಲ್ಲ ಎಂದು ತನಗೆ ಹೇಳಿದರೆಂದು ಅವರು ಕೇಸು ಹಾಕಿದರು. ಆಗ ಅವರಿಗೆ ಬರೇ 36 ವರ್ಷ! 1983ರಲ್ಲಿ ಜ್ಯೂರಿ ಅವರಿಗೆ 5 ಲಕ್ಷ ಡಾಲರ್ ಪರಿಹಾರ ಘೋಷಿಸಿತು, ಆದರೆ ಮುಂದೆ ಆ ತೀರ್ಪು ನಿಲ್ಲಲಿಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ 'ಕಂಟ್ರಿಫೈಲ್' ಎಂಬ ಹಳ್ಳಿ ಬದುಕಿನ ಕಾರ್ಯಕ್ರಮ ಇದೆ. 2009ರಲ್ಲಿ ಅದನ್ನು ಭಾನುವಾರ ಸಂಜೆಯ ಮುಖ್ಯ ಸಮಯಕ್ಕೆ ತಂದಾಗ 50 ದಾಟಿದ್ದ ನಿರೂಪಕಿ ಮಿರಿಯಂ ಓರೈಲಿ ಅವರನ್ನು ಕೈಬಿಟ್ಟರು. 70ರ ಹತ್ತಿರ ಇದ್ದ ಜಾನ್ ಕ್ರೇವನ್ ಉಳಿದರು. ಹೈ ಡೆಫಿನಿಷನ್ ಟಿವಿ ಬರ್ತಾ ಉಂಟು, ಮುಖದ ಸುಕ್ಕಿನ ಬಗ್ಗೆ ಜಾಗ್ರತೆ ಎಂದು ತನಗೆ ಸೂಚಿಸಿದ್ದರು ಎಂದು ಓರೈಲಿ ನ್ಯಾಯಮಂಡಳಿಯ ಮುಂದೆ ಹೇಳಿದರು. 2011ರ ಜನವರಿಯಲ್ಲಿ ವಯಸ್ಸಿನ ತಾರತಮ್ಯದ ವಿಷಯದಲ್ಲಿ ಅವರು ಗೆದ್ದರು, ಬಿಬಿಸಿ ಕ್ಷಮೆ ಕೇಳಿತು.

ಇಂಥ ಕಡೆಗಳಲ್ಲಿ ಯಜಮಾನರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ನಮಗೇನಿಲ್ಲ, ವೀಕ್ಷಕರಿಗೆ ಬೇಕಾದದ್ದು ಎಳೆಯ ಮುಖ." ವೀಕ್ಷಕರು ಎಂದರೆ ಯಾರು? ಸೋಫಾದಲ್ಲಿ ಕುಳಿತ ನಾವೇ ಅಲ್ಲವಾ?

ನಮ್ಮ ಟಿವಿ ಪರದೆ

ನಮ್ಮ ಹಿರಿಯರಿಗೆ ದೂರದರ್ಶನದ ಸಲ್ಮಾ ಸುಲ್ತಾನ್ ನೆನಪಿರಬೇಕು. ಸೀರೆ ಉಟ್ಟು, ಕಿವಿಯ ಹತ್ತಿರ ಕೂದಲಿಗೆ ಒಂದು ಗುಲಾಬಿ ಮುಡಿದು, ತಣ್ಣಗಿನ ಸ್ವರದಲ್ಲಿ ವಾರ್ತೆ ಓದುತ್ತಿದ್ದವರು. 1984ರ ಅಕ್ಟೋಬರ್ 31ರ ಸಂಜೆ ಇಂದಿರಾ ಗಾಂಧಿ ಹತ್ಯೆಯ ಸುದ್ದಿಯನ್ನು ದೂರದರ್ಶನದಲ್ಲಿ ದೇಶಕ್ಕೆ ಓದಿ ಹೇಳಿದ್ದು ಅವರೇ. 1967ರಿಂದ 1997ರ ತನಕ, ಮೂರು ದಶಕ ಅದೇ ಮುಖ. ಎಳೆಯ ಹುಡುಗಿಯಾಗಿ ಬಂದವರು 50ರ ಆಸುಪಾಸಿನಲ್ಲಿ ಹೊರಗೆ ಬಂದರು. ಅವರ ಜೊತೆ ದೇಶವೂ ದೊಡ್ಡದಾಯಿತು. ಜನ ಅವರನ್ನು ನೆನಪಿಟ್ಟದ್ದು ಸ್ವರಕ್ಕೆ, ಗಾಂಭೀರ್ಯಕ್ಕೆ.

ಈಗ ಇವತ್ತು ರಾತ್ರಿ ರಿಮೋಟ್ ಹಿಡಿದು ಕನ್ನಡದ ನ್ಯೂಸ್ ಚಾನೆಲ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ನರೆತ ಗಂಡಸರು ಎಷ್ಟು, ನರೆತ ಹೆಂಗಸರು ಎಷ್ಟು ಅಂತ ಮಕ್ಕಳ ಹತ್ತಿರ ಲೆಕ್ಕ ಹಾಕಿಸಿ. ಹಿಂದಿಯಲ್ಲಿ 2000ರಲ್ಲಿ ಶುರುವಾದ 'ಕೌನ್ ಬನೇಗಾ ಕರೋಡ್‌ಪತಿ'ಯನ್ನು ಅಮಿತಾಭ್ ಬಚ್ಚನ್ 80 ದಾಟಿದ ಮೇಲೂ ನಡೆಸುತ್ತಿದ್ದಾರೆ. ಅವರ ಬಿಳಿ ಗಡ್ಡಕ್ಕೆ ನಾವು ಸ್ಟೈಲ್ ಎಂದು ಹೆಸರಿಟ್ಟಿದ್ದೇವೆ. ಅದೇ ವಯಸ್ಸಿನ ಹೆಂಗಸು ಬಿಳಿ ಕೂದಲಿನಲ್ಲಿ ಅಂಥ ದೊಡ್ಡ ಕಾರ್ಯಕ್ರಮ ನಡೆಸುವುದನ್ನು ಊಹಿಸಲಿಕ್ಕೂ ನಮಗೆ ಕಷ್ಟ. ಅಷ್ಟರ ಮಟ್ಟಿಗೆ ಕಣ್ಣು ಪಳಗಿಬಿಟ್ಟಿದೆ.

ಪಳಗಿದ ಆ ಕಣ್ಣು ಟಿವಿ ಆಫ್ ಮಾಡಿದ ಕೂಡಲೇ ಬದಲಾಗುವುದಿಲ್ಲ. ಅದೇ ಕಣ್ಣಿನಲ್ಲಿ ನಾವು ಮನೆಯವರನ್ನೂ ನೋಡುತ್ತೇವೆ.

ಗಲ್ಫ್ ಮನೆಗಳ ಲೆಕ್ಕ

ನಮ್ಮ ಬ್ಯಾರಿ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ನೋವಿನ ಮುಖ ಇದೆ. ಗಂಡ ದುಬೈಯಲ್ಲೋ ದಮ್ಮಾಮ್‌ನಲ್ಲೋ ಹತ್ತಿಪ್ಪತ್ತು ವರ್ಷ ದುಡಿಯುತ್ತಾನೆ, ಹೆಂಡತಿ ಊರಿನಲ್ಲಿ ಮಕ್ಕಳನ್ನೂ ಅತ್ತೆ ಮಾವಂದಿರನ್ನೂ ನೋಡಿಕೊಳ್ಳುತ್ತಾಳೆ. ಒಟ್ಟಿಗೆ ಇದ್ದವರಿಗೆ ಒಬ್ಬರ ವಯಸ್ಸು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ದಿನಾ ನೋಡ್ತಾರೆ. ದೂರ ಇದ್ದವರಿಗೆ ಪ್ರತಿ ರಜೆಯಲ್ಲೂ ಅದು ಒಮ್ಮೆಲೇ ಕಾಣುತ್ತದೆ. ಹಾಗಾಗಿ ರಜೆಯ ಟಿಕೆಟ್ ಆಯಿತೆಂದರೆ ಅಲ್ಲಿ ಗಂಡ ಸಲೂನಿಗೆ ಹೋಗುತ್ತಾನೆ, ಇಲ್ಲಿ ಹೆಂಡತಿ ಡೈ ಪ್ಯಾಕೆಟ್ ತರಿಸುತ್ತಾಳೆ. ಬಜ್ಪೆ ಏರ್‌ಪೋರ್ಟಿನಲ್ಲಿ ಎದುರು ಬದುರಾಗುವ ಇಬ್ಬರೂ ಕಳೆದ ಎರಡು ವರ್ಷವನ್ನು ಮುಚ್ಚಿಟ್ಟುಕೊಂಡೇ ಬಂದಿರುತ್ತಾರೆ.

ಗಂಡಸರಿಗೆ ಭಾರ ಇಲ್ಲ ಎಂದಲ್ಲ. 45 ದಾಟಿದ ಮೇಲೆ ಹೊಸ ಕೆಲಸ ಹುಡುಕುವವರು, ಅಂಗಡಿಯ ಸೇಲ್ಸ್‌ನಲ್ಲಿ ಇರುವವರು ಇಂಟರ್‌ವ್ಯೂಗೆ ಮೊದಲು ಕೂದಲು ಕಪ್ಪು ಮಾಡಿಕೊಳ್ಳುವುದು ಹೊಟ್ಟೆಪಾಡಿಗಾಗಿ. ಅದರ ನೋವು ಅವರಿಗೇ ಗೊತ್ತು. ಆದರೆ ಮನೆಯ ಒಳಗೆ ಬಂದ ಮೇಲೆ ತೂಕ ಬೇರೆಯಾಗುತ್ತದೆ. ನರೆತ ಗಂಡಸಿಗೆ 'ಪಕ್ವವಾದ ಮನುಷ್ಯ' ಎನ್ನುತ್ತೇವೆ. ನರೆತ ಹೆಂಗಸಿಗೆ 'ತನ್ನನ್ನು ನೋಡಿಕೊಳ್ಳುವುದಿಲ್ಲ' ಎನ್ನುತ್ತೇವೆ. ಮನೆ ಮಂದಿಯನ್ನೆಲ್ಲ ನೋಡಿಕೊಂಡದ್ದರಿಂದಲೇ ತನ್ನನ್ನು ನೋಡಿಕೊಳ್ಳಲಿಕ್ಕೆ ಆಗಲಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ತಲಾಖ್ ಆದವರು, ಗಂಡ ತೀರಿಹೋದವರು ಎರಡನೇ ನಿಕಾಹ್‌ಗೆ ಮನಸ್ಸು ಮಾಡಿದರೆ ಈ ಮಾತು ಇನ್ನೂ ಚೂಪಾಗುತ್ತದೆ.

ದೀನ್ ಏನು ಹೇಳುತ್ತದೆ?

ಇಸ್ಲಾಮಿನಲ್ಲಿ ನರೆ ಅವಮಾನದ ಗುರುತಲ್ಲ. ದುರ್ಬಲ ಸ್ಥಿತಿಯಿಂದ ಶಕ್ತಿಗೆ, ಶಕ್ತಿಯಿಂದ ಮತ್ತೆ ದುರ್ಬಲತೆಗೂ ನರೆಗೂ ಮನುಷ್ಯನನ್ನು ಒಯ್ಯುವವನು ಅಲ್ಲಾಹನೇ ಎಂದು ಖುರ್‌ಆನಿನ ಸೂರಃ ಅರ್‌ರೂಮ್ ತಿಳಿಸುತ್ತದೆ. ಸೂರಃ ಮರ್ಯಮ್‌ನಲ್ಲಿ ಝಕರಿಯಾ ನೆಬಿ (ಅ) ತನ್ನ ನರೆತ ತಲೆಯನ್ನು ಹೇಳಿಕೊಂಡೇ ಮಗುವಿಗಾಗಿ ದುಆ ಮಾಡುತ್ತಾರೆ. ಬಿಳಿ ಕೂದಲನ್ನು ಕಿತ್ತು ತೆಗೆಯಬೇಡಿ, ಅದು ಖಿಯಾಮತ್ ದಿನ ಮುಸ್ಲಿಮನಿಗೆ ಬೆಳಕಾಗುತ್ತದೆ ಎಂಬ ಅರ್ಥದ ಹದೀಸ್ ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿದೆ. ಒಂದು ಬಿಳಿ ಕೂದಲು ಕಿತ್ತರೆ ಒಂದು ರೂಪಾಯಿ ಎಂದು ಮಕ್ಕಳನ್ನು ಹಿಂದೆ ಕೂರಿಸುವವರು ಇದನ್ನು ನೆನಪಿಡುವುದು ಒಳ್ಳೆಯದು. ಆ ಬೆಳಕು ಗಂಡಸಿಗೊಂದು, ಹೆಂಗಸಿಗೊಂದು ಎಂದು ಬೇರೆ ಬೇರೆ ಇಲ್ಲ.

ಹಾಗಂತ ಬಣ್ಣ ಹಚ್ಚಬಾರದು ಎಂದೂ ಇಲ್ಲ. ಮಕ್ಕಾ ವಿಜಯದ ದಿನ ಅಬೂಬಕರ್ ಸಿದ್ದೀಖ್ (ರ) ಅವರ ತಂದೆ ಅಬೂ ಖುಹಾಫ ಅವರನ್ನು ಪ್ರವಾದಿಯವರ (ಸ) ಬಳಿಗೆ ಕರೆತಂದಾಗ ಅವರ ತಲೆ, ಗಡ್ಡ ಪೂರ್ತಿ ಬೆಳ್ಳಗಿತ್ತು. ಅದರ ಬಣ್ಣ ಬದಲಿಸಿ, ಕಪ್ಪನ್ನು ಬಿಡಿ ಎಂದು ಪ್ರವಾದಿಯವರು ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮದರಂಗಿ, ಅಂದರೆ ನಮ್ಮ ಮೈಲಾಂಜಿ, ಮತ್ತು ಕತಮ್ ಎಂಬ ಗಿಡದ ಬಣ್ಣ ಉತ್ತಮ ಎಂದೂ ಹದೀಸ್ ಇದೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಕಡು ಕಪ್ಪು ಬಣ್ಣಕ್ಕೆ ವಿರೋಧ ಇದೆ. ವಿವಾಹಿತ ಮಹಿಳೆಯರ ವಿಷಯದಲ್ಲಿ ವಿದ್ವಾಂಸರಲ್ಲಿ ಅಭಿಪ್ರಾಯ ಭೇದ ಇರುವುದರಿಂದ ತಿಳಿದ ಉಸ್ತಾದರ ಬಳಿ ಕೇಳಿಕೊಳ್ಳಬೇಕು. ವಿಚಿತ್ರ ನೋಡಿ, ಕಪ್ಪು ಡೈ ಬಗ್ಗೆ ಮೊದಲು ಎಚ್ಚರ ಇರಬೇಕಾದ ಗಂಡಸರೇ ಕೆಲವೊಮ್ಮೆ ಹೆಂಡತಿಯ ಬಿಳಿ ಕೂದಲಿಗೆ ಮಾತು ಹೇಳುತ್ತಾರೆ.

ಖದೀಜ ಬೀವಿಯವರ (ರ) ವಿಷಯವನ್ನೂ ನೆನೆಯಬೇಕು. ಪ್ರಸಿದ್ಧ ಅಭಿಪ್ರಾಯದಂತೆ ನಿಕಾಹ್ ಸಮಯದಲ್ಲಿ ಅವರಿಗೆ 40 ವರ್ಷ, ಪ್ರವಾದಿಯವರಿಗೆ 25. ಬೀವಿಯವರು ತೀರಿಹೋಗಿ ಎಷ್ಟೋ ಕಾಲದ ಮೇಲೂ ಪ್ರವಾದಿಯವರು ಅವರನ್ನು ಹೊಗಳುತ್ತಿದ್ದರು. ವಯಸ್ಸಾಗಿದ್ದ ಅವರನ್ನು ಇನ್ನೂ ನೆನೆಯುವುದೇಕೆ ಎಂಬ ಮಾತು ಮನೆಯೊಳಗೆ ಬಂದಾಗ, ಜನ ತನ್ನನ್ನು ಸುಳ್ಳೆಂದಾಗ ನಂಬಿದವರು ಅವರು, ಕಷ್ಟದಲ್ಲಿ ಸಂಪತ್ತು ಕೊಟ್ಟವರು ಅವರು ಎಂಬ ಉತ್ತರ ಬಂತು. ಹೆಂಡತಿಯ ಬೆಲೆಯನ್ನು ಯಾವುದರಲ್ಲಿ ಅಳೆಯಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾ?

ಡೈ ಹಚ್ಚುವ ಮೊದಲು

ಬಣ್ಣ ಹಚ್ಚುವವರು ಆರೋಗ್ಯವನ್ನೂ ನೋಡಬೇಕು. ಪೇಟೆಯಲ್ಲಿ ಸಿಗುವ ಹೆಚ್ಚಿನ ಕಪ್ಪು ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಇದು ತುರಿಕೆ, ಗುಳ್ಳೆ, ಮುಖ ಊದಿಕೊಳ್ಳುವ ತನಕ ಅಲರ್ಜಿ ಮಾಡುತ್ತದೆ. 'ಕಪ್ಪು ಮದರಂಗಿ' ಎಂದು ಮಾರುವುದರಲ್ಲಿಯೂ ಇದೇ ಇರಬಹುದು. ಬರೇ ಮದರಂಗಿ ಸೊಪ್ಪಿನಿಂದ ಬರುವುದು ಕೆಂಪು, ಕಿತ್ತಳೆ ಬಣ್ಣ. ನಿಮಿಷದಲ್ಲಿ ಕಡು ಕಪ್ಪಾದರೆ ಅದರಲ್ಲಿ ಬೇರೇನೋ ಸೇರಿದೆ ಎಂದೇ ತಿಳಿಯಬೇಕು. ಕಿವಿಯ ಹಿಂದೆಯೋ ಮೊಣಕೈ ಒಳಗೋ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ. ತುರಿಕೆ ಬಂದರೆ ತಲೆಗೆ ಹಾಕಬೇಡಿ. ಮೊದಲು ಏನೂ ಆಗದವರಿಗೂ ಮುಂದೆ ಅಲರ್ಜಿ ಶುರುವಾಗಬಹುದು.

ಎಲ್ಲಿಂದ ಸರಿ ಮಾಡುವುದು?

ಹೆಂಗಸಿನ ಬದುಕು 40ಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಸುತ್ತಲೇ ಇದೆ. ಮಂಗಳೂರಿನಲ್ಲಿ ನೆಲೆಸಿದ್ದ ಕಾಸರಗೋಡಿನ ಸಾರಾ ಅಬೂಬಕ್ಕರ್ 1936ರಲ್ಲಿ ಹುಟ್ಟಿದವರು. 'ಚಂದ್ರಗಿರಿಯ ತೀರದಲ್ಲಿ' ಅವರಿಗೆ ಹೆಸರು ತಂದದ್ದು 40 ದಾಟಿದ ಮೇಲೆ. ಹಾಸನದ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದಾಗ ಅವರಿಗೆ 77 ವರ್ಷ. ಆ ವಾರ ಎಲ್ಲ ಟಿವಿಗಳಲ್ಲೂ ಅವರ ಮುಖ ಇತ್ತು. ನಾವೂ ಹೆಮ್ಮೆಯಿಂದ ಸ್ಟೇಟಸ್ ಹಾಕಿದೆವು. ಹಾಗಾದರೆ ವಯಸ್ಸಾದ ಹೆಂಗಸಿನ ಮುಖವನ್ನು ಗೌರವದಿಂದ ನೋಡಲಿಕ್ಕೆ ನಮಗೆ ಗೊತ್ತುಂಟು. ಆ ಗೌರವಕ್ಕೆ ಪ್ರಶಸ್ತಿಯೇ ಬರಬೇಕಾ ಎಂಬುದಷ್ಟೇ ಪ್ರಶ್ನೆ.

ದೊಡ್ಡ ಹೋರಾಟ ಏನೂ ಬೇಡ. ತುಂಬಾ ದಿನ ಬಿಟ್ಟು ಸಿಕ್ಕಿದವರ ಹತ್ತಿರ ಮೊದಲ ಮಾತು ಅವರ ಕೂದಲು, ಸುಕ್ಕು, ತೂಕದ ಬಗ್ಗೆ ಆಗದಿರಲಿ. ಮಕ್ಕಳ ಎದುರು ಹೆಂಡತಿಯ ವಯಸ್ಸನ್ನು ತಮಾಷೆ ಮಾಡದಿರೋಣ. ಅಂಗಡಿ, ಶಾಲೆ, ಆಸ್ಪತ್ರೆ ನಡೆಸುವ ನಮ್ಮವರು ರಿಸೆಪ್ಷನ್‌ಗೆ, ಕೌಂಟರಿಗೆ ಹೆಂಗಸರನ್ನು ತೆಗೆದುಕೊಳ್ಳುವಾಗ ಎಳೆಯ ಮುಖ ಮಾತ್ರ ಹುಡುಕದಿರಲಿ. ಬಣ್ಣ ಹಚ್ಚಬೇಕೋ ಬಿಡಬೇಕೋ ಎಂಬುದನ್ನು ದೀನ್‌ನ ಮಿತಿಯಲ್ಲಿ ಆ ಹೆಂಗಸೇ ತೀರ್ಮಾನಿಸಲಿ, ಮದುವೆಗೆ ಬಂದ ನೆಂಟರು ಬೇಡ.

ಫೋಟೋ ತೆಗೆಸುವ ಅಭ್ಯಾಸ ಇರುವ ಮನೆಗಳಲ್ಲಿ ಒಮ್ಮೆ ಆಲ್ಬಮ್ ತೆರೆದು ನೋಡಿ. ಉಪ್ಪನ ಫೋಟೋ ಎಲ್ಲ ವಯಸ್ಸಿನದ್ದೂ ಸಿಗುತ್ತದೆ. ಉಮ್ಮನದ್ದು ಒಂದು ವಯಸ್ಸಿನ ನಂತರ ನಿಂತುಹೋಗಿರುತ್ತದೆ. "ನನ್ನದು ಬೇಡ, ಚಂದ ಕಾಣುವುದಿಲ್ಲ" ಎಂದು ಕ್ಯಾಮೆರಾ ಕಂಡ ಕೂಡಲೇ ಅವರು ಎದ್ದು ಹೋಗಿರುತ್ತಾರೆ. ಕೊನೆಗೆ ಉಳಿಯುವುದು ಆಧಾರ್ ಕಾರ್ಡಿನ ಫೋಟೋ ಒಂದೇ. ಹಾಗೆ ಎದ್ದು ಹೋಗುವುದನ್ನು ಅವರಿಗೆ ಕಲಿಸಿದ್ದು ನಮ್ಮ ಮಾತುಗಳು. ಇವತ್ತು ಉಮ್ಮನ ಪಕ್ಕದಲ್ಲಿ ಕುಳಿತಿರುವ ಮಗಳು ಅದನ್ನೇ ಕಲಿಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.