ಒಂದೇ ತಾರೀಖು, ಹಲವು ಚರಿತ್ರೆ: ನವೆಂಬರ್ 1ನ್ನು ತರಗತಿಯಲ್ಲಿ ಓದುವ ಬಗೆ

ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ‘ಈ ದಿನದ ವಿಶೇಷ’ವನ್ನು ಓದಿಸುವ ಪದ್ಧತಿ ನಮ್ಮ ಅನೇಕ ಶಾಲೆಗಳಲ್ಲಿದೆ. ಹಲಗೆಯ ಮೇಲೆ ತಾರೀಖು, ಅದರ ಕೆಳಗೆ ನಾಲ್ಕೈದು ಇಸವಿಗಳು, ಪ್ರತಿ ಇಸವಿಯ ಎದುರಿಗೆ ಒಂದು ಸಾಲು. ಒಬ್ಬ ವಿದ್ಯಾರ್ಥಿ ಓದುತ್ತಾನೆ, ಉಳಿದವರು ಕೇಳುತ್ತಾರೆ, ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಹೀಗೆ ಕೇಳಿದ ಸಂಗತಿಗಳು ರಸಪ್ರಶ್ನೆಗೆ ಒದಗುವಷ್ಟು ಚರಿತ್ರೆಯ ತಿಳಿವಳಿಕೆಗೆ ಒದಗುವುದಿಲ್ಲ. ಲಿಸ್ಬನ್ನಿನ ಭೂಕಂಪವೂ ಹರಿಯಾಣದ ಉದಯವೂ ಒಂದೇ ಹಲಗೆಯಲ್ಲಿ ಅಕ್ಕಪಕ್ಕ ಕಂಡಾಗ, ಇವೆರಡಕ್ಕೂ ಏನು ಸಂಬಂಧವೆಂದು ಕೇಳುವ ಮಗುವೇ ಆ ಸಭೆಯಲ್ಲಿ ನಿಜವಾಗಿ ಚರಿತ್ರೆಯನ್ನು ಓದುತ್ತಿರುವ ಮಗು. ಆ ಪ್ರಶ್ನೆಗೆ ಉತ್ತರ ಹೇಳುವ ದಾರಿಯನ್ನು ನವೆಂಬರ್ 1ರ ನಿದರ್ಶನದಿಂದ ಇಲ್ಲಿ ವಿವರಿಸಲಾಗಿದೆ. ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ತಾರೀಖು ಬರಿಯ ನಿದರ್ಶನವಲ್ಲವೆಂಬುದು ಲೇಖನದ ಉತ್ತರಾರ್ಧದಲ್ಲಿ ತಿಳಿಯುವುದು.

ಮೊದಲು ಆಕಸ್ಮಿಕದ ಮಾತು. ವರ್ಷಕ್ಕಿರುವುದು 365 ದಿನ, ಚರಿತ್ರೆಯಲ್ಲಿ ದಾಖಲಾದ ಘಟನೆಗಳೋ ಲೆಕ್ಕವಿಲ್ಲದಷ್ಟು. ಆದ್ದರಿಂದ ಯಾವ ತಾರೀಖನ್ನು ತೆಗೆದುಕೊಂಡರೂ ಪಟ್ಟಿ ತುಂಬುತ್ತದೆ. ಇದನ್ನು ತರಗತಿಯಲ್ಲೇ ತೋರಿಸಬಹುದು. ಒಂದು ಕೋಣೆಯಲ್ಲಿ 23 ಮಂದಿ ಇದ್ದರೆ ಅವರಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. 40 ಮಂದಿ ಇದ್ದರೆ ಆ ಸಂಭವ ನೂರಕ್ಕೆ 89ರಷ್ಟು. ಮಕ್ಕಳು ಇದನ್ನು ನಂಬುವುದಿಲ್ಲ. ಹಾಜರಿ ಪುಸ್ತಕವನ್ನು ತೆರೆದು ನೋಡಿಸಿದರೆ ಬಹುಮಟ್ಟಿಗೆ ನಂಬುತ್ತಾರೆ. (ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಜೂನ್ 1 ಎಂದು ಬರೆಸಿದ ಜನ್ಮದಿನಗಳನ್ನು ಲೆಕ್ಕದಿಂದ ಬಿಡಬೇಕು.) ಇಬ್ಬರ ಜನ್ಮದಿನ ಒಂದೇ ಆದ ಮಾತ್ರಕ್ಕೆ ಅವರು ಬಂಧುಗಳಾಗುವುದಿಲ್ಲ. ಘಟನೆಗಳ ವಿಷಯವೂ ಹಾಗೆಯೇ.

ಆದರೆ ಎಲ್ಲ ಹೊಂದಿಕೆಯೂ ಆಕಸ್ಮಿಕವಲ್ಲ. ಕೆಲವು ತಾರೀಖುಗಳು ಘಟನೆಗಳನ್ನು ತಮ್ಮತ್ತ ಸೆಳೆಯುತ್ತವೆ. ನವೆಂಬರ್ 1 ಕ್ರೈಸ್ತರಲ್ಲಿ ಸಕಲ ಸಂತರ ಹಬ್ಬ. 1512ರಲ್ಲಿ ರೋಮಿನ ಸಿಸ್ಟೀನ್ ಪ್ರಾರ್ಥನಾ ಮಂದಿರದ ಮೇಲ್ಛಾವಣಿಗೆ ಮೈಕೆಲೇಂಜೆಲೊ ಬರೆದ ಚಿತ್ರಗಳು ಜನರ ಕಣ್ಣಿಗೆ ಮೊದಲ ಬಾರಿ ಬಿದ್ದದ್ದು ಈ ಹಬ್ಬದಂದು. ಹಬ್ಬಕ್ಕೆ ಹೊಂದಿಸಿಯೇ ಅದನ್ನು ತೆರೆಯಲಾಯಿತು. 1755ರ ಲಿಸ್ಬನ್ ಭೂಕಂಪದಲ್ಲಿ ಇದೇ ಹಬ್ಬ ಬೇರೊಂದು ರೀತಿಯಲ್ಲಿ ಕೆಲಸ ಮಾಡಿತು. ನೆಲ ನಡುಗುವುದಕ್ಕೂ ಸಂತರ ಹಬ್ಬಕ್ಕೂ ಸಂಬಂಧವಿಲ್ಲ. ಭೂಮಿಗೆ ಪಂಚಾಂಗ ಗೊತ್ತಿಲ್ಲ. ಆದರೆ ಬೆಳಿಗ್ಗೆ ಸುಮಾರು ಒಂಬತ್ತೂವರೆಯ ಆ ಹೊತ್ತಿನಲ್ಲಿ ಊರಿನ ಜನ ಇಗರ್ಜಿಗಳಲ್ಲಿ ಕಿಕ್ಕಿರಿದಿದ್ದರು, ಪೀಠಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಕಲ್ಲಿನ ಕಮಾನುಗಳು ಜನರ ಮೇಲೆ ಕುಸಿದವು. ಬತ್ತಿಗಳಿಂದಲೂ ಒಲೆಗಳಿಂದಲೂ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ನಡುವೆ ಕಡಲು ಉಕ್ಕಿ ಬಂದರನ್ನು ನುಂಗಿತು. ಕಂಪನಕ್ಕೆ ಕಾರಣವಲ್ಲದ ತಾರೀಖು ಸಾವಿನ ಪ್ರಮಾಣಕ್ಕೆ ಒಂದು ಕಾರಣವಾಯಿತು. ಈ ವ್ಯತ್ಯಾಸವನ್ನು ಎಂಟನೆಯ ತರಗತಿಯ ಮಕ್ಕಳು ಸುಲಭವಾಗಿ ಗ್ರಹಿಸುತ್ತಾರೆ. ಹಬ್ಬದ ದಿನವೇ ಭಕ್ತರು ಸತ್ತದ್ದೇಕೆ ಎಂಬ ಪ್ರಶ್ನೆ ಅಂದಿನ ಯುರೋಪನ್ನೂ ಬಾಧಿಸಿತು. ವೋಲ್ಟೇರ್ ಅದನ್ನು ಕುರಿತು ಕವಿತೆ ಬರೆದನು. ಪೋರ್ಚುಗಲ್ಲಿನ ಮಂತ್ರಿ ಪೊಂಬಾಲನಾದರೋ, ಕಂಪನ ಎಷ್ಟು ಹೊತ್ತು ಇತ್ತು, ಕಡಲು ಮೊದಲು ಹಿಂದೆ ಸರಿಯಿತೇ ಮುಂದೆ ನುಗ್ಗಿತೇ ಎಂಬಂಥ ಪ್ರಶ್ನೆಗಳ ಪಟ್ಟಿಯನ್ನು ಊರೂರಿಗೆ ಕಳುಹಿಸಿದನು. ಇಂದಿನ ಭೂಕಂಪವಿಜ್ಞಾನಕ್ಕೆ ಆ ಉತ್ತರಗಳು ಈಗಲೂ ಆಧಾರವಾಗಿವೆ. ಅಂದು ಗೋವೆಯೂ ಅದೇ ಪೋರ್ಚುಗೀಸ್ ಅರಸೊತ್ತಿಗೆಯ ಆಳ್ವಿಕೆಯಲ್ಲಿತ್ತೆಂಬುದನ್ನು ಅಲ್ಲಿನ ಶಿಕ್ಷಕರು ಸೇರಿಸಿ ಹೇಳಬಹುದು.

ಒಂದೇ ತಾರೀಖಿನ ಜೊತೆಗೆ ಇಸವಿಯೂ ಒಂದೇ ಆಗಿರುವ ಒಂದು ಜೋಡಿಯನ್ನು ವಿಶೇಷವಾಗಿ ಗಮನಿಸಬೇಕು. 1954ರ ನವೆಂಬರ್ 1ರಂದು ಪುದುಚ್ಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತವನ್ನು ಫ್ರಾನ್ಸ್ ಭಾರತಕ್ಕೆ ಒಪ್ಪಿಸಿತು. ಅದೇ ದಿನ ಆಫ್ರಿಕದ ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಸಶಸ್ತ್ರ ದಂಗೆ ಆರಂಭವಾಯಿತು. ದಿನ ಒಂದೇ ಆದದ್ದು ಆಕಸ್ಮಿಕ. ವರ್ಷ ಒಂದೇ ಆದದ್ದನ್ನು ಹಾಗೆನ್ನಲಾಗದು. ಅದೇ ವರ್ಷದ ಮೇ ತಿಂಗಳಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫೂ ಎಂಬಲ್ಲಿ ಸೋತ ಫ್ರೆಂಚ್ ಸಾಮ್ರಾಜ್ಯ ಎಲ್ಲೆಡೆ ಸಡಿಲವಾಗುತ್ತಿತ್ತು. ಒಂದು ಕಡೆ ಕಾಗದದ ಮೇಲೆ ಕೈಬದಲಾವಣೆ, ಇನ್ನೊಂದು ಕಡೆ ಎಂಟು ವರ್ಷಗಳ ರಕ್ತಪಾತ. ಅಲ್ಜೀರಿಯಾ ಸ್ವತಂತ್ರವಾದದ್ದು 1962ರ ಜುಲೈ 5ರಂದು. ಪುದುಚ್ಚೇರಿ ಕಾನೂನುರೀತ್ಯಾ ಭಾರತದ್ದಾದದ್ದು ಅದೇ ವರ್ಷದ ಆಗಸ್ಟ್ 16ರಂದು. ಮಕ್ಕಳಿಗೆ ಭೂಪಟವನ್ನು ಕೊಟ್ಟು ಈ ಎರಡು ಸ್ಥಳಗಳನ್ನು ಗುರುತಿಸಲು ಹೇಳಿದರೆ ಅರ್ಧ ಗಂಟೆಯ ಪಾಠ ತಾನಾಗಿ ನಡೆಯುತ್ತದೆ.

ತಾರೀಖೇ ಜಾರುವ ವಸ್ತು

ಇನ್ನೊಂದು ತೊಡಕನ್ನೂ ಶಿಕ್ಷಕರು ಅರಿತಿರಬೇಕು. ನಾವು ‘ಅದೇ ದಿನ’ ಎನ್ನುವುದು ಯಾವಾಗಲೂ ಅದೇ ದಿನವಲ್ಲ. 1582ರ ಅಕ್ಟೋಬರ್ 4ರ ಮರುದಿನವನ್ನು ಪೋಪ್ ಗ್ರೆಗರಿಯ ಆಜ್ಞೆಯಂತೆ ಅಕ್ಟೋಬರ್ 15 ಎಂದು ಎಣಿಸಲಾಯಿತು. ಆದ್ದರಿಂದ ಮೈಕೆಲೇಂಜೆಲೊನ ಕಾಲದ ನವೆಂಬರ್ 1 ಇಂದಿನ ಎಣಿಕೆಯಲ್ಲಿ ನವೆಂಬರ್ 11 ಆಗುತ್ತದೆ. ಇಂಗ್ಲೆಂಡ್ ಈ ಬದಲಾವಣೆಯನ್ನು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ 14 ಆಯಿತು. ದಿನ ಆರಂಭವಾಗುವ ಹೊತ್ತೂ ಎಲ್ಲೆಡೆ ಒಂದಲ್ಲ. 1952ರಲ್ಲಿ ಅಮೆರಿಕ ಶಾಂತಸಾಗರದ ಎನೆವೆಟಾಕ್ ಹವಳದ್ವೀಪದಲ್ಲಿ ಮೊದಲ ಜಲಜನಕ ಬಾಂಬನ್ನು ಸಿಡಿಸಿ ಪರೀಕ್ಷಿಸಿದಾಗ ಅಲ್ಲಿ ನವೆಂಬರ್ 1ರ ಬೆಳಿಗ್ಗೆ ಏಳೂ ಕಾಲು. ಭಾರತದಲ್ಲಿ ಆಗಷ್ಟೇ ನಡುರಾತ್ರಿ ದಾಟಿತ್ತು. ಲಂಡನ್ನಿನಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ಇನ್ನೂ ಅಕ್ಟೋಬರ್ 31.

ನಮ್ಮ ಶಾಸನಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಚಾಲುಕ್ಯ ಮಂಗಳೇಶನ ಸಂಸ್ಕೃತ ಶಾಸನ ಶಕ ವರ್ಷ 500, ಕಾರ್ತಿಕ ಪೌರ್ಣಮಿ ಎಂದು ಕಾಲವನ್ನು ಹೇಳುತ್ತದೆ. ಅದು ಕ್ರಿ.ಶ. 578ರ ಅಕ್ಟೋಬರ್ ಕೊನೆಯ ದಿನ ಅಥವಾ ನವೆಂಬರ್ ಮೊದಲ ದಿನಕ್ಕೆ ಬರುತ್ತದೆ. ತಿಥಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸರಿಯಾಗಿ ಕೂಡುವುದಿಲ್ಲ. ಒಂದು ದಿನದ ನಡುವೆ ಹುಟ್ಟಿ ಮರುದಿನದ ನಡುವೆ ಮುಗಿಯಬಹುದು. ಶಾಸನವನ್ನು ಬರೆಸಿದವರಿಗೆ ಅದು ಹುಣ್ಣಿಮೆಯೇ ಹೊರತು ನವೆಂಬರ್ ಅಲ್ಲ. ಇದನ್ನು ‘ನವೆಂಬರ್ 1ರ ವಿಶೇಷ’ವೆಂದು ಹಲಗೆಗೆ ಏರಿಸುವುದು ಯುಕ್ತವಲ್ಲ, ಏರಿಸಬಾರದೇಕೆ ಎಂದು ಚರ್ಚಿಸುವುದು ಉತ್ತಮ ಪಾಠ. ಗೋಡೆಯ ಕ್ಯಾಲೆಂಡರಿನಲ್ಲಿ ಆ ವರ್ಷದ ನವೆಂಬರ್ 1ರ ತಿಥಿ ಯಾವುದೆಂದು ನೋಡಿಸಿ, ಹಿಂದಿನ ವರ್ಷದ್ದರೊಡನೆ ಹೋಲಿಸಲು ಹೇಳಿದರೆ ಸಾಕು. ಕೇರಳದ ಶಾಲೆಗಳಲ್ಲಿ ಕೊಲ್ಲವರ್ಷದ ತುಲಾ ಮಾಸವನ್ನೂ ಜೊತೆಗೆ ನೋಡಬಹುದು.

ಕಾನೂನು ಗೊತ್ತುಮಾಡಿದ ದಿನ

ಉಳಿದವು ಸರ್ಕಾರಗಳು ತಾವೇ ನಿಶ್ಚಯಿಸಿದ ದಿನಗಳು. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಕ್ಯಾನಿಂಗ್, ರಾಣಿ ವಿಕ್ಟೋರಿಯಾಳ ಘೋಷಣೆಯನ್ನು ಓದಿ ಕಂಪನಿಯ ಆಳ್ವಿಕೆ ಮುಗಿಯಿತೆಂದು ಸಾರಿದನು. ಸ್ವಾತಂತ್ರ್ಯಾನಂತರದ ರಾಜ್ಯಗಳು ತಿಂಗಳ ಮೊದಲ ದಿನವೇ ಹುಟ್ಟಿದ್ದಕ್ಕೆ ಹಲವು ಉದಾಹರಣೆಗಳಿವೆ: 1953ರ ಅಕ್ಟೋಬರ್ 1ರಂದು ಆಂಧ್ರ, 1960ರ ಮೇ 1ರಂದು ಮಹಾರಾಷ್ಟ್ರ ಮತ್ತು ಗುಜರಾತ್, 1966ರ ನವೆಂಬರ್ 1ರಂದು ಹರಿಯಾಣ, 2000ದ ನವೆಂಬರ್ 1ರಂದು ಛತ್ತೀಸಗಢ. ಸಂಬಳ, ಲೆಕ್ಕಪತ್ರ, ಕಡತಗಳ ಹಸ್ತಾಂತರ ಇವಕ್ಕೆಲ್ಲ ಮಾಸಾರಂಭ ಅನುಕೂಲ. ಆದರೆ ಇದು ನಿಯಮವಲ್ಲ: ಜಾರ್ಖಂಡ್ 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಅವರ ಜನ್ಮದಿನದಂದು ಹುಟ್ಟಿತು, ತೆಲಂಗಾಣ 2014ರ ಜೂನ್ 2ರಂದು.

ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು 1956ರ ನವೆಂಬರ್ 1. ರಾಜ್ಯಗಳ ಪುನರ್‌ವಿಂಗಡಣಾ ಅಧಿನಿಯಮ ಅದನ್ನು ‘ನಿಯತ ದಿನ’ವೆಂದು ಗೊತ್ತುಮಾಡಿತು. ಮುಂಬಯಿ, ಹೈದರಾಬಾದ್, ಮದರಾಸು ರಾಜ್ಯಗಳ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಡನೆ ಕೂಡಿದವು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಉದ್ದೇಶಪೂರ್ವಕವಾಗಿ ಅದೇ ತಾರೀಖಿಗೆ. ಅದೇ ದಿನ, ಅದೇ ಅಧಿನಿಯಮದಿಂದ, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದವು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಆದ್ದರಿಂದ ಮಂಜೇಶ್ವರದ ಮಗುವಿಗೆ ನವೆಂಬರ್ 1 ಕೇರಳಪ್ಪಿರವಿಯೂ ಹೌದು, ಗಡಿಯಾಚೆಯ ನೆಂಟರ ಮನೆಯಲ್ಲಿ ರಾಜ್ಯೋತ್ಸವವೂ ಹೌದು. ಇವೆರಡರಲ್ಲಿ ಒಂದನ್ನು ಮರೆಮಾಡಿ ಕಲಿಸುವ ಅಗತ್ಯವಿಲ್ಲ. ಕಾಸರಗೋಡಿನ ಅನೇಕ ಹಿರಿಯರು ಆ ದಿನವನ್ನು ಅಗಲಿಕೆಯ ದಿನವಾಗಿ ನೆನೆದರು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ಇದೂ ದಾಖಲಾದ ಚರಿತ್ರೆ. ಇದ್ದುದನ್ನು ಇದ್ದಂತೆ ಹೇಳಿದರೆ ಯಾರ ಮೇಲೂ ದ್ವೇಷ ಹುಟ್ಟುವುದಿಲ್ಲ.

ಗಡಿನಾಡೆಲ್ಲಕ್ಕೂ ಒಂದೇ ತಾರೀಖು ಹೊಂದುವುದಿಲ್ಲವೆಂಬುದೂ ನೆನಪಿರಲಿ. ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗಗಳು ಬೇರೆಯಾದದ್ದು ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿಯೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದವು. ಸೊಲ್ಲಾಪುರದ ಕನ್ನಡಿಗರು 1956ರಲ್ಲಿ ಇದ್ದಲ್ಲೇ ಇದ್ದರು, 1960ರಲ್ಲಿ ರಾಜ್ಯದ ಹೆಸರು ಬದಲಾಯಿತು. ಹೊಸೂರು, ನೀಲಗಿರಿಗಳಲ್ಲಿ ಆ ದಿನ ಗಡಿ ಕದಲಲಿಲ್ಲ. ಗೋವೆಯ ದಿನ 1961ರ ಡಿಸೆಂಬರ್ 19. ಪ್ರತಿ ಶಾಲೆಯೂ ತನ್ನ ಊರಿನ ತಾರೀಖನ್ನು ತಾನೇ ಹುಡುಕಿಕೊಳ್ಳಬೇಕು.

ಆದರೂ ಹಲಗೆಗಳ ಮೇಲೆ ಸಾಮಾನ್ಯವಾಗಿ ಕಾಣದ ಒಂದು ಸಂಗತಿಯಿಂದ 1956ರ ನವೆಂಬರ್ 1 ಈ ಶಾಲೆಗಳೆಲ್ಲಕ್ಕೂ ಸಂಬಂಧಿಸುತ್ತದೆ. ಸಂವಿಧಾನದ ಏಳನೆಯ ತಿದ್ದುಪಡಿಯೂ ಅಂದೇ ಜಾರಿಗೆ ಬಂದಿತು. ಅದು ಸೇರಿಸಿದ ಅನುಚ್ಛೇದ 350ಎ, ಭಾಷಾ ಅಲ್ಪಸಂಖ್ಯಾತ ಸಮುದಾಯದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆನ್ನುತ್ತದೆ. ಅದಕ್ಕಾಗಿ ರಾಜ್ಯಗಳಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಷ್ಟ್ರಪತಿಯವರಿಗೆ ಕೊಡುತ್ತದೆ. ಮುಂದಿನ 350ಬಿ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಲು ಹೇಳುತ್ತದೆ. ‘ಪ್ರಯತ್ನಿಸಬೇಕು’ ಎಂಬ ಮಾತು ಮೆತುವಾದುದೆಂಬುದನ್ನು ಹುದ್ದೆ ಖಾಲಿ ಬಿದ್ದ ಶಾಲೆಗಳ ಶಿಕ್ಷಕರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಈ ಎರಡು ಸಂಗತಿಗಳು ಒಂದೇ ದಿನ ಒದಗಿದ್ದು ಆಕಸ್ಮಿಕವಲ್ಲ. ಗೆರೆಯನ್ನು ಎಲ್ಲಿ ಎಳೆದರೂ ಕೆಲವರು ಆಚೆ ಉಳಿಯುತ್ತಾರೆಂದು ಪುನರ್‌ವಿಂಗಡಣಾ ಆಯೋಗಕ್ಕೆ ತಿಳಿದಿತ್ತು. ಅಂಥವರಿಗೆ ರಕ್ಷಣೆ ಬೇಕೆಂದು ಅದು ತನ್ನ 1955ರ ವರದಿಯಲ್ಲಿ ಹೇಳಿತ್ತು. ಗಡಿಯೂ ರಕ್ಷಣೆಯೂ ಒಂದೇ ಕಾರಣದಿಂದ ಹುಟ್ಟಿ ಒಂದೇ ದಿನ ಜಾರಿಯಾದವು. ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಲು ಇಷ್ಟು ತಕ್ಕ ಎರಡು ಸಾಲುಗಳು ಬೇರೆ ಸಿಗುವುದು ಕಷ್ಟ.

ತರಗತಿಯ ಚಟುವಟಿಕೆಗೆ ಒಂದು ಸೂಚನೆ. ಶಾಲೆ ಹಳೆಯದಾಗಿದ್ದರೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ಕಾಲದ ದಾಖಲಾತಿ ಪುಸ್ತಕವನ್ನು ಹೊರತೆಗೆಯಿರಿ. ಹೆಸರುಗಳ ಅಂಕಣವನ್ನು ಕಾಗದದಿಂದ ಮುಚ್ಚಿ, ಊರು, ತಾಲೂಕು, ಜಿಲ್ಲೆಗಳ ವಿವರ ಮಾತ್ರ ಕಾಣುವಂತೆ ಮಕ್ಕಳ ಮುಂದಿಡಿ. ಯಾವ ಪುಟದಿಂದ ಜಿಲ್ಲೆಯ ಅಥವಾ ರಾಜ್ಯದ ಹೆಸರು ಬದಲಾಗಿದೆ, ಮೊಹರು ಯಾವ ಭಾಷೆಗೆ ತಿರುಗಿದೆ, ಬರಹದ ಲಿಪಿ ಬದಲಾಗಿದೆಯೇ ಹಾಗೆಯೇ ಉಳಿದಿದೆಯೇ ಎಂದು ಅವರೇ ಕಂಡುಹಿಡಿಯಲಿ. ಪುಸ್ತಕ ದೊರೆಯದಿದ್ದರೆ ಮನೆಯಲ್ಲಿರುವ ಹಳೆಯ ಜಮೀನಿನ ಕಾಗದ, ಪಡಿತರ ಚೀಟಿ ಅಥವಾ ಅಜ್ಜನಿಗೆ ಬಂದ ಅಂಚೆ ಕಾರ್ಡಿನ ವಿಳಾಸವೂ ಆಗಬಹುದು.